ಎಂಜಿನ್ನಿಗೆ ಒಂದು ಶೀಸೆ ಮದ್ದು

ದಿನಾ ನುಂಗುವ ಬಿಪಿ ಗುಳಿಗೆಯ ಡಬ್ಬಿಯ ಮೇಲೆ ಏನು ಬರೆದಿದೆ ಎಂದು ನಾನು ಯಾವತ್ತೂ ಓದಿದವನಲ್ಲ. ಆದರೆ ಬಾಲಾನಗರದ ಬಿಡಿಭಾಗದ ಅಂಗಡಿಯಲ್ಲಿ, ಎಂಜಿನ್ ಆಯಿಲಿಗೆ ಬೆರೆಸುವ ಶೀಸೆಗಳನ್ನು ಒಂದೊಂದಾಗಿ ಎತ್ತಿ, ಕನ್ನಡಕ ಹಣೆಗೇರಿಸಿ, ಸಣ್ಣ ಅಕ್ಷರವನ್ನೂ ಬಿಡದೆ ಓದುತ್ತೇನೆ. ನನ್ನ ಹೊಟ್ಟೆಗೆ ಏನಾದರೂ ಹೋಗಲಿ, ಗಾಡಿಯ ಹೊಟ್ಟೆಗೆ ಕಂಡದ್ದೆಲ್ಲ ಹೋಗಬಾರದು.

ಗಾಡಿ ಎಂದರೆ ನನ್ನ ಹಳೆಯ ಕಾರು. ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದ ಹಾಗೆ ಟಪಟಪ ಎನ್ನುತ್ತದೆ. ಅದನ್ನು ನಿಲ್ಲಿಸಬೇಕೆಂಬ ಹಟದಲ್ಲಿ ನಾನು ಶೀಸೆಗಳ ಪಂಡಿತನಾದೆ. ಒಂದರಲ್ಲಿ ಎಣ್ಣೆಯನ್ನು ದಪ್ಪ ಮಾಡುವ ಅಂಟಿದೆ. ಅದು ಸವೆದ ಸಂದುಗಳಲ್ಲಿ ನಿಂತು ಸದ್ದು ಅಡಗಿಸುತ್ತದಂತೆ, ಆದರೆ ಚಳಿಗಾಲದ ಬೆಳಿಗ್ಗೆ ಗಾಡಿ ಏಳಲು ಮುನಿಸಿಕೊಳ್ಳುತ್ತದೆ. ಇನ್ನೊಂದು, ಒಳಗಿನ ಮಸಿ ತೊಳೆಯುವ ಸಾಬೂನಿನಂಥದ್ದು. ಹಳೆಯ ಗಾಡಿಯಲ್ಲಿ ಎಷ್ಟೋ ಸೋರಿಕೆಯನ್ನು ತಡೆದಿರುವುದೇ ಆ ಮಸಿ! ಮೂರನೆಯದರಲ್ಲಿ ಮಾಲಿಬ್ಡಿನಮ್ ಎಂಬ ಕಪ್ಪು ಪುಡಿ, ಲೋಹಕ್ಕೆ ಲೋಹ ತಿಕ್ಕದಂತೆ ನಡುವೆ ಕೂತು ಜಾರಿಸುತ್ತದೆ. ನಿಜ ಹೇಳಬೇಕೆಂದರೆ, ಒಳ್ಳೆಯ ಎಣ್ಣೆಯಲ್ಲಿ ಇಂಥ ಮದ್ದುಗಳನ್ನೆಲ್ಲ ಕಂಪನಿಯವರೇ ಹದವಾಗಿ ಬೆರೆಸಿರುತ್ತಾರೆ. ಮೇಲಿಂದ ನಾವು ಸುರಿಯುವುದು, ಉಪ್ಪು ಹಾಕಿದ ಬೇಳೆಗೆ ಮತ್ತೆ ಉಪ್ಪು ಹಾಕಿದಂತೆ. ಇಷ್ಟೆಲ್ಲ ತಿಳಿದೂ ಮೂರನೆಯ ಶೀಸೆಯನ್ನು ಮನೆಗೆ ತಂದೆ.

ಈಗ ರೊಟ್ಟಿಯ ವಿಷಯ ಹೇಳಬೇಕು. ನಾವು ಬೀದರ್ ಕಡೆಯವರು, ಕೆಲಸಕ್ಕೆಂದು ತೆಲುಗರ ಈ ಊರಿಗೆ ಬಂದವರು. ಮಿಯಾಪುರದಲ್ಲಿ ನಮ್ಮ ಮನೆ ಎರಡನೆಯ ಮಹಡಿಯಲ್ಲಿ, ಅಡುಗೆಮನೆಯ ಕಿಟಕಿ ಗೇಟಿನ ಮೇಲೇ ತೆರೆಯುತ್ತದೆ. ಬೀದಿಯ ತಿರುವಿನಲ್ಲಿ ನನ್ನ ಟಪಟಪ ಕೇಳಿದೊಡನೆ ನನ್ನ ಹೆಂಡತಿ ಗಂಗಾ ಜೋಳದ ಹಿಟ್ಟು ತಟ್ಟಲು ಶುರುಮಾಡುತ್ತಿದ್ದಳು. ನಾನು ಮೆಟ್ಟಿಲು ಹತ್ತುವಾಗ ರೊಟ್ಟಿ ಬಡಿಯುವ ಸದ್ದು ಎದುರುಗೊಳ್ಳಲು ಬರುತ್ತಿತ್ತು. ದಿನವಿಡೀ ಕಾರ್ಖಾನೆಯಲ್ಲಿ ತೆಲುಗು, ಹಿಂದಿ ಮಾತಾಡಿ ದಣಿದವನಿಗೆ, ಮನೆಯ ಬಾಗಿಲು ತೆರೆಯುವ ಮುಂಚೆಯೇ ಸಿಗುತ್ತಿದ್ದ ಮೊದಲ ಕನ್ನಡ ಅದು.

ಮದ್ದು ಹಾಕಿದ ಕೆಲ ದಿನಕ್ಕೆ ಗಂಗಾ ಬೆರಗಾಗಿ ಹೇಳಿದಳು: "ಅಲ್ರಿ, ಗಾಡಿ ಸದ್ದ ಬರೂದ ನಿಂತೈತಲ್ರಿ! ನೀವು ಬಂದದ್ದ ಗೊತ್ತಾಗವಲ್ದು ನೋಡ್ರಿ."

ನಾನು ಉಬ್ಬಿಹೋದೆ. ನನಗೂ ಸದ್ದು ಕಡಿಮೆಯಾದಂತೆಯೇ ಕೇಳುತ್ತಿತ್ತು, ದುಡ್ಡು ತೆತ್ತವನ ಕಿವಿಯಲ್ಲವೇ! ರೊಟ್ಟಿ ಮಾತ್ರ ತಡವಾಗತೊಡಗಿತು. ವಿಜ್ಞಾನಕ್ಕೆ ಅಷ್ಟು ತ್ಯಾಗ ಮಾಡಬೇಕಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಕಂಡಕಂಡವರಿಗೆಲ್ಲ ಆ ಶೀಸೆಯ ಗುಣಗಾನ ಮಾಡಿದೆ.

ಒಂದು ಸಂಜೆ ಕೆಳಮನೆಯ ಹುಡುಗಿ, ಕಂಕುಳಲ್ಲಿ ಅಳುವ ಮಗುವಿನೊಂದಿಗೆ ಗೇಟಿಗೇ ಬಂದಳು. "ಅಂಕುಲ್, ಮೀ ಕಾರು ಸೌಂಡ್‌ಕಿ ಮಾ ಪಾಪ ಲೇಚಿಪೋತೋಂದಿ!" ಎಂದಳು. ಗಾಡಿಯ ಸದ್ದಿಗೆ ಮಗು ಎದ್ದುಬಿಡುತ್ತದೆ ಎಂಬ ದೂರು. ಅದು ಹಳೆಯ ಮಾತಮ್ಮಾ, ಈಗ ಮದ್ದು ಹಾಕಿದ್ದೇನೆ ಎಂದು ನಾನು ಬೀಗಿದೆ. ಅವಳು ದಿನಾ ಸಂಜೆಯ ಗೋಳು ಇದು, ನಿನ್ನೆಯೂ ಹೀಗೇ ಆಯಿತು ಎಂದಳು.

ಮೇಲೆ ಹೋದೆ. ಗಂಗಾ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಕರೆದೆ. ಗಟ್ಟಿಯಾಗಿ ಕರೆದೆ. ಅವಳು ತಿರುಗಲಿಲ್ಲ. ಸದ್ದು ಎಂಜಿನ್ನಿನಲ್ಲಿ ನಿಂತಿರಲಿಲ್ಲ.

ಡಾಕ್ಟರು ಎರಡೂ ಕಿವಿ ಮಂದವಾಗಿವೆ, ಮತ್ತೆ ಮೊದಲಿನಂತಾಗುವುದಿಲ್ಲ ಎಂದರು. ಗಂಗಾ ನಕ್ಕಳು: "ಮದ್ದ ಹಾಕೂದಿತ್ತಂದ್ರ ನನ್ನ ಕಿವ್ಯಾಗ ಹಾಕಬೇಕಿತ್ತು. ಗಾಡ್ಯಾಗ ಸುರುವಿ ಬಂದ್ರಿ!" ನಾನೂ ನಕ್ಕೆ. ಕಿವಿಗೆ ಯಂತ್ರ ಬಂತು. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ತಲೆ ಒಡೆಯುತ್ತದೆಂದು ಅಲ್ಲಿ ಅದನ್ನು ತೆಗೆದಿಡುತ್ತಾಳೆ.

ಗಾಡಿ ಎಷ್ಟು ಸದ್ದು ಮಾಡಿದರೂ ಈಗ ಮೆಟ್ಟಿಲು ಮೌನವಾಗಿರುತ್ತದೆ. ಬಿಸಿ ರೊಟ್ಟಿ ಐದು ನಿಮಿಷ ತಡವಾದರೂ ಸಿಗುತ್ತದೆ, ಅದಕ್ಕಲ್ಲ ನನ್ನ ಹಂಬಲ. ನಾನು ಬರುವುದು ಒಬ್ಬರಿಗೆ ಕೇಳಿಸುತ್ತಿತ್ತಲ್ಲ, ಅದಕ್ಕೆ. ಈ ಊರಿನ ಇಷ್ಟು ಗಾಡಿಗಳ ನಡುವೆ ನನ್ನದನ್ನೇ ಹೆಕ್ಕುತ್ತಿದ್ದ ಕಿವಿ ಅದು.

ತಿರುವಿನಿಂದ ಒಂದು ಮಿಸ್ ಕಾಲ್ ಕೊಡಲೇ, ಫೋನು ಮಿನುಗುತ್ತದೆ ಎಂದೆ. ಅವಳು ಒಪ್ಪಲಿಲ್ಲ. "ಬ್ಯಾಡ್ರಿ. ಫೋನ್ ಬಂದ್ರ ನೀವು ಬಂದದ್ದು ನನಗ ಗೊತ್ತಾಕ್ಕೈತಿ. ನಾ ಕಾಯಾಕತ್ತಿದ್ದು ನಿಮಗ ಹ್ಯಾಂಗ ಗೊತ್ತಾಗಬೇಕು?"

ಅಂದಿನಿಂದ ಸಂಜೆಯಾದರೆ ಕಿಟಕಿಗೆ ಬಂದು ನಿಲ್ಲುತ್ತಾಳೆ. ಒಲೆಯ ಮೇಲಿನದು ಉಕ್ಕಿಬಂತೆಂದರೆ ಕಿಟಕಿ ಬಿಟ್ಟು ಹೋಗಬೇಕಾಗುತ್ತದೆ. ಅಂಥ ಹೊತ್ತಿಗೆ ನಾನು ತಲುಪಿದರೆ, ಎಂಜಿನ್ ಆರಿಸಿ ಗೇಟಿನ ಹೊರಗೇ ಕೂತಿರುತ್ತೇನೆ, ಅವಳ ಮುಖ ಮತ್ತೆ ಕಾಣುವವರೆಗೆ. ಇಷ್ಟು ವರ್ಷ ಕಾಯುವ ಕೆಲಸವನ್ನು ಅವಳೊಬ್ಬಳೇ ಮಾಡಿದಳು.