ಉಪದೇಶಿಗಳ ಕಡೆಗೀಲು

ಮುನಿರಾಬಾದಿನಲ್ಲಿ ಆಗಷ್ಟೇ ಆಣೆಕಟ್ಟಿನ ಕೆಲಸ ಶುರುವಾಗಿತ್ತು. ಕೂಲಿಕಾರರ ತಗಡಿನ ಶೆಡ್ಡೇ ನಮ್ಮ ಇಗರ್ಜಿ, ಫಾದರ್ ಇಲ್ಲದಾಗ ಅಲ್ಲಿ ಜಪ ಹೇಳಿಸುವ ಉಪದೇಶಿಗಳೇ ನಮ್ಮ ಪಾಲಿನ ರೋಮ್. ಆರು ತಿಂಗಳಿಗೊಮ್ಮೆ ಫಾದರ್ ಎತ್ತಿನ ಗಾಡಿಯಲ್ಲಿ ಬಂದು, ನಮಗೆ ಬೆನ್ನು ಮಾಡಿ ನಿಂತು, ಲ್ಯಾಟಿನ್ನಿನಲ್ಲಿ ಜೇನುಹುಳದಂತೆ ಗುಂಯ್‌ಗುಡುತ್ತ ಪೂಜೆ ಮಾಡುತ್ತಿದ್ದರು. ನಡುರಾತ್ರಿಯಿಂದೀಚೆ ಹನಿ ನೀರು ಕುಡಿದವರಿಗೂ ಪರಮಪ್ರಸಾದವಿಲ್ಲ. ಉಪದೇಶಿಗಳು ಬಾಗಿಲಲ್ಲಿ ಮೀಸೆ ಸವರುತ್ತ ಒಬ್ಬೊಬ್ಬರನ್ನೂ ವಿಚಾರಿಸಿಯೇ ಒಳಗೆ ಬಿಡುತ್ತಿದ್ದರು.

ಒಮ್ಮೆ ಇರಕಲ್ಲಗಡದಿಂದ ನಡೆದು ಬಂದ ಮುದುಕಿಯೊಬ್ಬಳು ದಾರಿಯಲ್ಲಿ ಬೊಗಸೆ ನೀರು ಕುಡಿದೆನೆಂದಳು.

"ನಿಯಮ ಅಂದ್ರ ನಿಯಮ, ಯವ್ವಾ," ಅಂದರು ಎಂದಿನಂತೆ.

"ಇನ್ನಾರು ತಿಂಗಳ ನಾ ಇರತೀನೇನಪ್ಪಾ?"

ಅವರು ಮೀಸೆ ಸವರುವುದನ್ನು ಬಿಟ್ಟು ಫಾದರ್ ಗಾಡಿಯತ್ತ ನೋಡಿದರು. ಪೂಜೆ ಮುಗಿದು ಫಾದರ್ ಹೊರಟಾಗ ಗಾಡಿಯ ಗಾಲಿ ಕಳಚದಂತೆ ತಡೆಯುವ ಕಬ್ಬಿಣದ ಕಡೆಗೀಲೇ ಇರಲಿಲ್ಲ.

"ಎಲ್ಲಿ ಬಿತ್ತೋ ಏನೋರಿ. ನಾಳೆ ಕಮ್ಮಾರ ಬರ್ತಾನ, ಇವತ್ತ ಇಲ್ಲೇ ಇರ್ರಿ," ಅಂದರು ಉಪದೇಶಿಗಳು.

ಮರುದಿನ ಮುಂಜಾನೆ ಹೊಳೆಯ ಮಂಜಿನಲ್ಲಿ ಶೆಡ್ಡು ತೇಲಿದಂತಿತ್ತು. ಧೂಪದ ಹೊಗೆಯಲ್ಲಿ ಮತ್ತೊಂದು ಪೂಜೆ ನಡೆಯಿತು. ಮುದುಕಿ ಕಣ್ಣು ಮುಚ್ಚಿ ಪ್ರಸಾದಕ್ಕೆ ನಾಲಿಗೆ ಚಾಚಿದಳು. ಉಪದೇಶಿಗಳು ಮಾತ್ರ ಬಾಗಿಲು ಬಿಟ್ಟು ಕದಲಲಿಲ್ಲ.

"ಪ್ರಸಾದಕ್ಕ ನೀವು ಹೋಗಂಗಿಲ್ಲೇನ್ರಿ?" ಅಂದೆ.

"ಸುಳ್ಳ ಹೇಳೇನಿ, ಫಾದರ್ ಮುಂದ ಇನ್ನ ಆ ಪಾಪ ಒಪ್ಪಿಕೊಂಡಿಲ್ಲ. ನಿಯಮ ಅಂದ್ರ ನಿಯಮ," ಎಂದು ಜೇಬಿನೊಳಗಿನ ಕಬ್ಬಿಣವನ್ನು ಮುಟ್ಟಿ ನೋಡಿಕೊಂಡರು.