ಧಾರಾವಾಹಿಯ ತಮ್ಮನೂ ನಮ್ಮ ಮನೆಯ ಹುಡುಗಿಯೂ

ಸಂಜೆ ಏಳೂವರೆಯ ಧಾರಾವಾಹಿಯನ್ನು ನಾನಾಗಿ ನೋಡಲು ಕುಳಿತವಳಲ್ಲ. ಏಳೂವರೆ ನನಗೆ ಊಟದ ಹೊತ್ತು. ಮೂಡುಬಿದಿರೆಯ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದು, ಗಂಟೆಯ ಸದ್ದಿಗೆ ಉಂಡು ಬೆಳೆದೆ. ಮುಂದೆ ಬೆಳ್ತಂಗಡಿಯ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿ ಗಂಟೆಯನ್ನು ನಾನೇ ಬಾರಿಸಿದೆ. ಆದರೆ ಪಾಣೆಮಂಗಳೂರಿನ ಮಗನ ಮನೆಯಲ್ಲಿ ಟೀವಿ ಇರುವುದು ಊಟದ ಮೇಜಿನ ಎದುರಿಗೇ. ಹಾಗಾಗಿ ಆ ತಮ್ಮನ ಪರಿಚಯವಾಯಿತು.

ತಮ್ಮ ಎಂದರೆ ಧಾರಾವಾಹಿಯ ನಾಯಕನ ತಮ್ಮ, ವಕೀಲ. ಯಾರ ಮುಖವನ್ನೂ ನೋಡಿ ಮಾತಾಡುವುದಿಲ್ಲ. ಪೆನ್ನುಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡುತ್ತಾನೆ. ಒಂದನ್ನು ಯಾರಾದರೂ ಸರಿಸಿದರೆ ಕಿವಿ ಮುಚ್ಚಿಕೊಂಡು ಕೂಗುತ್ತಾನೆ. ತಮಾಷೆ ಅರ್ಥವಾಗುವುದಿಲ್ಲ. ಅಷ್ಟಾದ ಮೇಲೆ ಕೋರ್ಟಿಗೆ ಹೋಗಿ, ಇನ್ನೂರು ಪುಟದ ಫೈಲನ್ನು ಒಮ್ಮೆ ಮಗುಚಿ ಹಾಕಿ ಅಪರಾಧಿ ಯಾರೆಂದು ಹೇಳಿಬಿಡುತ್ತಾನೆ. ಅವನಿಗೆ ಆಟಿಸಂ ಉಂಟೆಂದು ಧಾರಾವಾಹಿಯಲ್ಲಿ ಯಾರೂ ಹೇಳುವುದಿಲ್ಲ. ನೋಡುವವರೆಲ್ಲ ಹೇಳುತ್ತಾರೆ, ಮೆಚ್ಚಿಕೊಂಡು ಹೇಳುತ್ತಾರೆ.

ನನ್ನ ಮೊಮ್ಮಗಳಿಗೆ ಹದಿನೈದು, ಹತ್ತನೇ ತರಗತಿ. ಅನ್ನ ಒಂದು ಬಟ್ಟಲಲ್ಲಿ, ಸಾರು ಇನ್ನೊಂದರಲ್ಲಿ, ಒಂದಕ್ಕೊಂದು ತಾಗಬಾರದು. ಶಾಲೆಯಿಂದ ಬಂದ ಮೇಲೆ ಒಂದು ಗಂಟೆ ಯಾರೂ ಮಾತಾಡಿಸಬಾರದು. ಅರ್ಧವಾರ್ಷಿಕ ಪರೀಕ್ಷೆಗೆ ಅವಳ ಕೋಣೆ ಬದಲಾಯಿತು. ಬೆಳಿಗ್ಗೆ ನನ್ನೆದುರು ವಿಜ್ಞಾನದ ಪಾಠಗಳನ್ನು ಒಪ್ಪಿಸಿ ಹೋದವಳು ಖಾಲಿ ಉತ್ತರಪತ್ರಿಕೆ ಕೊಟ್ಟು ಬಂದಳು. ಕ್ಲಾಸ್ ಟೀಚರು ನನ್ನನ್ನೂ ಸೊಸೆಯನ್ನೂ ಕರೆಸಿದರು.

"ಪಬ್ಲಿಕ್ ಪರೀಕ್ಷೆಯಲ್ಲಿ ಹೀಗಾದ್ರೆ ಹುಡುಗಿ ಫೇಲ್. ಇದು ಆಟಿಸಂ ಇರ್ಬಹುದು, ಡಾಕ್ಟರ ಪತ್ರ ತನ್ನಿ, ಹೆಚ್ಚು ಸಮಯ ಕೇಳುವ, ಬೇರೆ ಕೋಣೆ ಕೇಳುವ. ಅರ್ಜಿಗೆ ತಂದೆಯ ಸಹಿ ಬೇಕು. ತಿಂಗಳ ಕೊನೆಯ ಶನಿವಾರದ ಒಳಗೆ."

ನನ್ನ ಮಗನಿಗೆ ಬಿ.ಸಿ. ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ. ಸಹಿ ಎಂದ ಕೂಡಲೇ ಅವನು ಮುಖ ತಿರುಗಿಸಿದ. "ನಾಳೆ ಮದುವೆಯ ಮಾತು ಬರುವಾಗ ಇದೆಲ್ಲ ಅಡ್ಡ ಬರ್ತದೆ. ಅವಳಿಗೆ ಏನೂ ಆಗ್ಲಿಲ್ಲ, ಹಟ ಅಷ್ಟೆ."

ಆಗ ನಾನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ. ವಾರ್ಡನ್ ಅಭ್ಯಾಸ, ಒಂದು ಉದ್ದ ಪುಸ್ತಕದಲ್ಲಿ ಗೆರೆ ಎಳೆದು ಎರಡು ಕಾಲಂ ಮಾಡಿದೆ. ಎಡಕ್ಕೆ ಧಾರಾವಾಹಿಯ ತಮ್ಮ, ಬಲಕ್ಕೆ ಮೊಮ್ಮಗಳು. ಎರಡು ವಾರ ಊಟದ ಹೊತ್ತನ್ನು ಮುಂದೆ ಹಾಕಿ, ಪೆನ್ನು ಹಿಡಿದು ಧಾರಾವಾಹಿ ನೋಡಿದೆ. ಮಗನಿಗೆ ಆ ತಮ್ಮನೆಂದರೆ ಪ್ರೀತಿ. ಅವನ ಹಾಗೆಯೇ ಇವಳು ಎಂದು ತೋರಿಸಿಕೊಟ್ಟರೆ ಒಪ್ಪುತ್ತಾನೆಂದು ನನ್ನ ಲೆಕ್ಕಾಚಾರ.

ಅವನು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದ. "ಅಮ್ಮ, ಅವ ಒಂದು ನಿಮಿಷದಲ್ಲಿ ಫೈಲ್ ಓದ್ತಾನೆ. ಇವಳಿಗೆ ಒಂದು ಪುಟಕ್ಕೆ ಅರ್ಧ ಗಂಟೆ ಬೇಕು. ಅವ ಯಾರ ಮುಖವೂ ನೋಡುವುದಿಲ್ಲ. ಇವಳು ನನ್ನನ್ನು ಗುರಾಯಿಸ್ತಾಳೆ. ಎಲ್ಲಿ ಹೊಂದ್ತದೆ ಹೇಳಿ? ನೀವೇ ಬರೆದದ್ದಲ್ವಾ?"

"ವಸ್ತುಗಳನ್ನು ಸಾಲಾಗಿ ಇಡುವುದು?"

"ಅದು ನೀವೂ ಇಡ್ತೀರಿ! ಈ ಪಟ್ಟಿ ಹೆಚ್ಚು ಹೊಂದುವುದು ನಿಮಗೇ."

ಅಡುಗೆಮನೆಯಲ್ಲಿ ಸೊಸೆ ನಕ್ಕದ್ದು ಕೇಳಿಸಿತು. ನನ್ನದು ಕಲಿಸಿದ್ದರಿಂದ ಬಂದ ಕ್ರಮ. ತಪ್ಪಿದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೆ. ತಪ್ಪಿದರೆ ಆ ಹುಡುಗಿಗೆ ಕೈ ಎತ್ತಲೂ ಆಗುವುದಿಲ್ಲ. ಇದನ್ನು ಆಗಲೇ ಹೇಳಬೇಕಿತ್ತು.

ಮುಂದಿನ ಭಾನುವಾರ ಬೆಳುವಾಯಿಯಿಂದ ನನ್ನ ತಂಗಿ ಬಂದಳು. ಪಟ್ಟಿಯ ಸುದ್ದಿ ಅದಾಗಲೇ ಅವಳಿಗೆ ತಲುಪಿತ್ತು. ಚಹಾ ಮುಗಿಯುವ ಮೊದಲೇ ಮೊಮ್ಮಗಳನ್ನು ಕರೆದು ಪರೀಕ್ಷೆಗೆ ನಿಲ್ಲಿಸಿದಳು. "ಅಂಥವರು ತಾರೀಕು ಕೇಳಿದ ಕೂಡಲೇ ವಾರ ಹೇಳ್ತಾರಂತೆ. ಮಗಾ, ನನ್ನ ಮದುವೆಯಾದ ತಾರೀಕು ಹೇಳ್ತೇನೆ, ಅದು ಯಾವ ವಾರ ಹೇಳು ನೋಡುವ."

"ನನಗೆ ಗೊತ್ತಿಲ್ಲ ಅಜ್ಜಿ. ನಿಮ್ಮ ಮದುವೆಗೆ ನಾನು ಬರ್ಲಿಲ್ಲ."

"ಹಾಗಾದ್ರೆ ಇವಳಿಗೆ ಅದು ಇಲ್ಲ ಮಾರಾಯ್ತಿ," ಎಂದು ತಂಗಿ ನನಗೆ ತೀರ್ಪು ಕೊಟ್ಟಳು. ಮಗ ನನ್ನತ್ತ ನೋಡಿದ ನೋಟ ಗೆದ್ದವನ ನೋಟ.

ಸೊಸೆಗೆ ಅಂದು ನಗು ಬರಲಿಲ್ಲ. ಮರುದಿನ ಅವಳೇ ಮಂಗಳೂರಿನ ಡಾಕ್ಟರರ ಸಮಯ ಕೇಳಿದಳು. ನಾವಿಬ್ಬರೂ ಮೊಮ್ಮಗಳೂ ಬಸ್ಸಿನಲ್ಲಿ ಹೋದೆವು. ನಾನು ಪುಸ್ತಕವನ್ನು ಡಾಕ್ಟರರ ಮೇಜಿನ ಮೇಲಿಟ್ಟೆ. ಅವರು ಎಡಗಡೆಯ ಕಾಲಂನ ಮೇಲೆ ಕೈ ಇಟ್ಟು ಮುಚ್ಚಿದರು.

"ಇವನಿಗೆ ನಾನು ಪತ್ರ ಕೊಡ್ಲಿಕ್ಕೆ ಆಗುವುದಿಲ್ಲಮ್ಮ, ಇವ ಇನ್ನೂ ಕ್ಲಿನಿಕ್ಕಿಗೆ ಬರ್ಲಿಲ್ಲ." ಆಮೇಲೆ ಹುಡುಗಿಯನ್ನು ಕೇಳಿದರು, "ನೀನು ನೋಡ್ತೀಯಾ ಆ ಸೀರಿಯಲ್?"

"ನೋಡ್ತೇನೆ. ಅವನು ನನ್ನ ಹಾಗೆ ಅಲ್ಲ. ಮ್ಯೂಸಿಕ್ ಬರುವಾಗ ಮಾತ್ರ ಅವನಿಗೆ ಹಾಗೆಲ್ಲ ಆಗುವುದು. ಜಾಹೀರಾತು ಮುಗಿದ ಮೇಲೆ ಸರಿ ಇರ್ತಾನೆ."

ಡಾಕ್ಟರು ಅದನ್ನು ಬರೆದುಕೊಂಡರು. ಮೂರು ಸಲ ಹೋಗಿಬಂದ ಮೇಲೆ ಆಟಿಸಂ ಉಂಟೆಂದು ಬರೆದ ಪತ್ರ ಕೈಗೆ ಬಂತು. ಡಾಕ್ಟರರ ಸೀಲು ಕಂಡ ಮೇಲೆ ಮಗ ಗೊಣಗುತ್ತಲೇ ಕೊನೆಯ ಶನಿವಾರ ಶಾಲೆಗೆ ಬಂದ. ನಾನೂ ಮೊಮ್ಮಗಳೂ ಜೊತೆಗಿದ್ದೆವು.

ಅರ್ಜಿಯಲ್ಲಿ ಒಂದು ಸಾಲು: ವಿದ್ಯಾರ್ಥಿಗೆ ಇರುವ ತೊಂದರೆ ಏನು? ಮಗ ಜೇಬಿನಿಂದ ಪೆನ್ನು ತೆಗೆದು, ಯೋಚಿಸಿ, ದುಂಡಗಿನ ಅಕ್ಷರದಲ್ಲಿ ಬರೆದ: "ಟೀವಿ ಧಾರಾವಾಹಿಯ ವಕೀಲ ತಮ್ಮನ ಹಾಗೆ."

ನನಗೆ ಮೈ ಉರಿಯಿತು. "ಇದೆಂಥದ್ದು?"

"ನಿಮ್ಮದೇ ಪಟ್ಟಿ! ಹೀಗೆ ಬರೆದ್ರೆ ಯಾರೂ ಕೀಳಾಗಿ ನೋಡುವುದಿಲ್ಲ."

ಗುಮಾಸ್ತರು ಅರ್ಜಿ ಓದಿ ಸಂತೋಷಪಟ್ಟರು. "ಓ, ಅವನ ಹಾಗೆಯಾ? ಹಾಗಾದ್ರೆ ರ‍್ಯಾಂಕ್ ಗ್ಯಾರಂಟಿ. ಹೆಚ್ಚು ಸಮಯ ಯಾಕೆ ಸಾರ್?"

"ಅದು ಸುಳ್ಳು," ಎಂದಳು ಮೊಮ್ಮಗಳು. "ನನಗೆ ಬೇರೆ ಅರ್ಜಿ ಕೊಡಿ."

ಬೇರೆ ಇರಲಿಲ್ಲ. ಗೋಡೆಗೆ ಅಂಟಿಸಿದ್ದ ಮಾದರಿಯನ್ನು ಕಿತ್ತುಕೊಟ್ಟು, ಜೆರಾಕ್ಸ್ ಮಾಡಿಸಿ ತನ್ನಿ, ಒಂದು ಗಂಟೆಗೆ ಆಫೀಸು ಮುಚ್ಚುತ್ತದೆ ಎಂದರು. ಮಗ ಬೈಕು ಹತ್ತಿ ಹೋಗಿ ಬಂದ. ಅವಳು ಮೂಲೆಯ ಬೆಂಚಿನಲ್ಲಿ ಕೂತು ಆ ಒಂದು ಸಾಲಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡಳು. ಗುಮಾಸ್ತರು ಬೀಗದಕೈ ಕುಲುಕಿಸಲು ಶುರುಮಾಡಿದಾಗ ನಾನು ಅವರ ಮೇಜಿನ ಎದುರು ಹೋಗಿ, ವಾರ್ಡನ್ ಆಗಿದ್ದಾಗಿನ ದನಿಯಲ್ಲಿ, "ಸದ್ದು ಬೇಡ" ಎಂದೆ.

ಮಗ ಅವಳು ಬರೆದದ್ದನ್ನು ನಿಂತುಕೊಂಡೇ ಓದಿದ. "ಹೊಸ ಕೋಣೆಯಲ್ಲಿ ನನ್ನ ಬೆಂಚಿನ ಒಂದು ಕಾಲು ಗಿಡ್ಡ. ಪಕ್ಕದವಳು ಬರೆದಾಗಲೆಲ್ಲ ಟಕ್ ಎನ್ನುತ್ತಿತ್ತು. ಅದು ನಿಲ್ಲಲಿ ಎಂದು ಕಾದೆ. ಗಂಟೆ ಹೊಡೆಯಿತು. ಎಲ್ಲ ಉತ್ತರ ಗೊತ್ತಿತ್ತು."

"ಇಷ್ಟು ದಿನ ಇದನ್ನು ನನ್ನತ್ರ ಯಾಕೆ ಹೇಳ್ಲಿಲ್ಲ ನೀನು?"

"ನೀವು ಕೇಳ್ಲಿಲ್ಲ ಅಪ್ಪ."

ಅವನು ಸಹಿ ಹಾಕಿದ. ಗುಮಾಸ್ತರು ಸೀಲು ಒತ್ತಿದರು. ಒಂದು ಗಂಟೆಗೆ ಇನ್ನೂ ಆರು ನಿಮಿಷವಿತ್ತು. ಎರಡು ವಾರ ಪೆನ್ನು ಹಿಡಿದು ಟೀವಿಯ ಎದುರು ಕೂತಿದ್ದ ನಾನೂ ಅವಳನ್ನು ಕೇಳಿರಲಿಲ್ಲ.