ತೊಳೆದರೂ ಹೋಗದ ಕೆಂಪು

ಗಂಡನ ಕೈಯಿಂದ ರೊಟ್ಟಿಯ ತುತ್ತು ಜಾರಿ ಬಿತ್ತು. ಎತ್ತಿಕೊಂಡರು. ಮತ್ತೆ ಬಿತ್ತು.

"ಯಾಕ್ರೀ, ನಿದ್ದಿ ಬಂತೇನು?" ಎಂದು ಕೇಳಿದೆ. ಬೆಳಗಿನ ಶಿಫ್ಟ್ ಮುಗಿಸಿ ಆಗಷ್ಟೇ ಬಂದಿದ್ದರು. ಏನೋ ಹೇಳಲು ಹೋದರು. ಮಾತು ತೊದಲಿತು. ಬಾಯಿಯ ಒಂದು ಬದಿ ಜೋತುಬಿದ್ದಿತ್ತು.

ಅವರಿಗೆ ಮೂವತ್ತೆಂಟು ವರ್ಷ.

ಅವರು ದೋಣಿಮಲೈ ಕಬ್ಬಿಣದ ಗಣಿಯಲ್ಲಿ ಡಂಪರ್ ಓಡಿಸುವವರು. ಇಲ್ಲಿ ಬಸ್ಸಿನ ಸೀಟು, ಒಣಹಾಕಿದ ಬಟ್ಟೆ, ಬೇವಿನ ಎಲೆ ಎಲ್ಲಕ್ಕೂ ಅದಿರಿನ ಕೆಂಪು. ಗಂಡನ ಮುಖ, ಅಂಗೈ ಕೆಂಪಗಿದ್ದರೆ ಯಾರಿಗೆ ಅನುಮಾನ ಬರುತ್ತದೆ? ನೆಟ್ಟಗೆ ಸ್ನಾನ ಮಾಡುವುದಿಲ್ಲ, ದಿಂಬು ಹೊಲಸು ಮಾಡುತ್ತೀರಿ ಎಂದು ನಾನು ದಿನವೂ ಬೈಯುತ್ತಿದ್ದೆ. ಒಂದು ಭಾನುವಾರ ನಾನೇ ಕೂರಿಸಿ ಕತ್ತು, ಬೆನ್ನು ನಾರಿನಿಂದ ತಿಕ್ಕಿದೆ. ಹರಿಯುವ ನೀರು ತಿಳಿಯಾಯಿತು. ಕತ್ತು ಕೆಂಪಗೇ ಇತ್ತು. ಹಳೇ ಧೂಳು, ಚರ್ಮಕ್ಕೆ ಇಳಿದಿದೆ ಎಂದುಕೊಂಡು ಟವೆಲ್ ಕೊಟ್ಟೆ. ಆ ಟವೆಲ್ ಕೊಟ್ಟಿದ್ದಕ್ಕೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಮಿದುಳಿನಲ್ಲಿ ಸಣ್ಣ ಕ್ಲಾಟ್, ರಕ್ತ ಹೆಪ್ಪುಗಟ್ಟಿತ್ತು. ಹಿಮೋಗ್ಲೋಬಿನ್ ಇಪ್ಪತ್ತೊಂದು. ನನಗೆ ಹತ್ತು ದಾಟಿದರೆ ಹಬ್ಬ. ಹಾಗಾಗಿ, "ರಕ್ತ ಜಾಸ್ತಿ ಇದ್ರ ಚೊಲೋ ಅಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ. ಡಾಕ್ಟರಮ್ಮ ನಗಲಿಲ್ಲ. "ಗಟ್ಟಿ ಆಗ್ಯದಮ್ಮ. ಹರಿಯಂಗಿಲ್ಲ," ಎಂದರು. ಅದು ತೆಳುವಾಗಲೆಂದು ಇವರ ತೋಳಿನಿಂದ ಒಂದು ಬ್ಯಾಗ್ ರಕ್ತ ತೆಗೆದರು.

ಮೆಟ್ರಿ ಹಳ್ಳಿಯಿಂದ ಅತ್ತೆ ಬಂದರು. ಮಗನ ಕೆನ್ನೆ ಸವರಿ ಡಾಕ್ಟರಮ್ಮನಿಗೆ, "ಇವರಪ್ಪಂದೂ ಹಿಂಗ ಕೆಂಪು ಮಾರಿ ಇತ್ರಿ. ಗದ್ದಿ ಬಿಸಿಲಿಗೆ ಅಂದ್ಕಂಡಿದ್ವಿ. ನಾಟಿ ಮಾಡೋ ದಿನ ಬದುವಿನ ಮ್ಯಾಲ ಬಿದ್ರು. ಏಳಲಿಲ್ಲ," ಎಂದರು.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಜೀನ್ ಟೆಸ್ಟ್‌ಗೆ ಬರೆದುಕೊಟ್ಟರು.

ರಿಪೋರ್ಟ್ ಬರುವ ಹೊತ್ತಿಗೆ ಇವರ ಮಾತು ಮುಕ್ಕಾಲು ಮರಳಿತ್ತು. ಇಜಿಎಲ್‌ಎನ್ ಒನ್ ಎಂಬ ಜೀನ್‌ನಲ್ಲಿ ದೋಷ. "ಮೈಯಾಗ ಆಕ್ಸಿಜನ್ ಎಷ್ಟೈತಿ ಅಂತ ನೋಡೋ ಜೀನ್ ಇದು. ಇವರದ್ದು, ಸಾಕಷ್ಟು ಇದ್ರೂ ಕಮ್ಮಿ ಐತಿ ಅಂತ ಹೇಳ್ತದ. ಅದಕ್ಕ ಮೈ ರಕ್ತ ಮಾಡಿಕೋತನ ಹೋಗ್ತದ," ಎಂದರು ಡಾಕ್ಟರಮ್ಮ. ಆಮೇಲೆ ಮೆಲ್ಲಗೆ ಕೇಳಿದರು, "ಮಕ್ಕಳು?"

"ಒಬ್ಬಾಕಿ ಮಗಳು. ಮೂರನೇ ಕ್ಲಾಸು."

"ಅರ್ಧಕ್ಕರ್ಧ ಚಾನ್ಸ್ ಐತಿ. ಆಕಿದೂ ಟೆಸ್ಟ್ ಮಾಡಿಸ್ರಿ."

ಮಗಳು ಪಲ್ಲವಿಯ ಕೆನ್ನೆ ಕೆಂಪು. ಗಣಿ ಕ್ವಾರ್ಟರ್ಸಿನ ಹೆಂಗಸರೆಲ್ಲ ದೃಷ್ಟಿ ತೆಗೆಯುವಷ್ಟು ಕೆಂಪು. ನಾನೂ ಎಷ್ಟು ಬೀಗಿದ್ದೆ!

ಅವಳ ರಿಪೋರ್ಟಿಗೆ ಕಾದ ದಿನಗಳಲ್ಲಿ ನನಗೆ ತಲೆ ನೆಟ್ಟಗಿರಲಿಲ್ಲ. ಅವಳು ಕೆಂಪು ಮಣ್ಣಿನಲ್ಲಿ ಆಡಿ ಬಂದ ಕೂಡಲೇ ಬಚ್ಚಲಿಗೆ ಎಳೆದೊಯ್ದು ನಾರಿನಿಂದ ಅಂಗೈ ತಿಕ್ಕುತ್ತಿದ್ದೆ. ನೀರು ತಿಳಿಯಾಗುವವರೆಗೂ ತೊಳೆದು ಬೆಳಕಿಗೆ ಹಿಡಿಯುತ್ತಿದ್ದೆ. ತಿಕ್ಕಿದ್ದಕ್ಕೇ ಕೆಂಪಾಗಿದೆಯೋ, ಒಳಗಿನದೋ? ಒಂದು ದಿನ ಚರ್ಮ ಕಿತ್ತಿತು. "ಅವ್ವಾ, ಸಾಕ ಬಿಡು, ಉರೀತೈತಿ," ಎಂದು ಅತ್ತಳು. ಹೊರಗಿನಿಂದ ಇವರು ಬಂದು ನನ್ನ ಕೈಯಿಂದ ನಾರು ಕಿತ್ತುಕೊಂಡರು.

ರಿಪೋರ್ಟ್ ಬಂತು.

ಅವಳಿಗೂ ಇದೆ.

ನಾನು ಅಳುತ್ತೇನೆ ಎಂದುಕೊಂಡಿದ್ದೆ. ಅಳಲಿಲ್ಲ, ಮುಂದೇನು ಮಾಡಬೇಕು ಎಂದು ಡಾಕ್ಟರಮ್ಮನನ್ನು ಕೇಳಿದೆ. ಸದ್ಯಕ್ಕೆ ಅವಳ ರಕ್ತ ತೆಗೆಯುವುದು ಬೇಡವಂತೆ. ಆರು ತಿಂಗಳಿಗೊಮ್ಮೆ ಪರೀಕ್ಷೆ, ಬೇಸಿಗೆಯಲ್ಲಿ ನೀರು ಜಾಸ್ತಿ ಕುಡಿಸಬೇಕು. ಇವರು ಈಗ ಡಂಪರ್ ಬಿಟ್ಟು ಸ್ಟೋರಿನಲ್ಲಿದ್ದಾರೆ, ಆಗಾಗ ಹೋಗಿ ರಕ್ತ ತೆಗೆಸಿಕೊಂಡು ಬರುತ್ತಾರೆ. ಮಾವನವರಿಗೆ ಇದು ರೋಗ ಎಂದು ಯಾರೂ ಹೇಳಲಿಲ್ಲ. ಇವರಿಗೆ ತುತ್ತು ಬಿದ್ದ ಮೇಲೆ ಹೇಳಿದರು. ಇವಳಿಗೆ ಏನೂ ಆಗುವ ಮೊದಲೇ ಗೊತ್ತಾಗಿದೆ. ನಾನು ಹಿಡಿದುಕೊಂಡಿರುವುದು ಅದೊಂದನ್ನೇ.

ನಿನ್ನೆ ಸಂಜೆ ಅವಳು ತಾನಾಗಿಯೇ ಬಚ್ಚಲಿಗೆ ಬಂದು ಕೈ ಚಾಚಿದಳು. ಎರಡು ಚೊಂಬು ನೀರು ಹಾಕಿದೆ.

"ಕೆಂಪು ಹೋತೇನವ್ವಾ?"

"ಮಣ್ಣಿಂದು ಹೋತು."

"ಉಳದದ್ದು?"

"ಅದು ನಿಂದು. ಇರ್ಲಿ ಬಿಡು."

ನಾರನ್ನು ಗೂಟಕ್ಕೆ ಸಿಕ್ಕಿಸಿ, ಅವಳಿಗೆ ಟವೆಲ್ ಕೊಟ್ಟೆ.